ಹೇಲಿ ವಿಲಿಯಮ್ಸ್ ಬಗ್ಗೆ ಇಷ್ಟೊಂದು ಮಾತು ಯಾಕೆ?

ಗಿಟಾರ್‌ಪ್ರಿಯ:
ಹೇಲಿ ಹಾಡುವ ಪ್ಯಾರಮೋರ್ ಅನ್ನೋ ಅಮೆರಿಕದ ರಾಕ್ ಬ್ಯಾಂಡನ್ನು ನಾನು ಜಾಸ್ತಿ ಕೇಳಿಲ್ಲ. ಆದರೆ ಈಗಿನ ರಾಕ್ ಗಾಯಕಿಯರ ಬಗ್ಗೆ ಏನು ಓದಿದರೂ ಹೇಲಿ ವಿಲಿಯಮ್ಸ್ ಹೆಸರು ಬಂದೇ ಬರುತ್ತದೆ. ಅವರ 2007ರ ಹಾಡು ‘ಮಿಸರಿ ಬಿಸಿನೆಸ್’ ಹಿಟ್ ಆಗಿದ್ದು ಗೊತ್ತು. ಅದರಾಚೆ ಏನಿದೆ? ಯಾವುದರಿಂದ ಶುರು ಮಾಡಲಿ?

ತಾರಸ್ಥಾಯಿ:
ಆಕೆಯ ಹಟದಿಂದ ಶುರು ಮಾಡಬೇಕು. 2003ರಲ್ಲಿ ಅಟ್ಲಾಂಟಿಕ್ ರೆಕಾರ್ಡ್ಸ್ ಜೊತೆ ಒಪ್ಪಂದ ಆದಾಗ ಆಕೆಗಿನ್ನೂ 14 ವರ್ಷ. ಕಂಪನಿಗೆ ಬೇಕಿದ್ದದ್ದು ಒಬ್ಬಳೇ ನಿಂತು ಹಾಡುವ ಪಾಪ್ ಗಾಯಕಿ. ಹೇಲಿ ಒಪ್ಪಲಿಲ್ಲ, ಟೆನೆಸಿಯ ಫ್ರಾಂಕ್ಲಿನ್‌ನಲ್ಲಿ ಜೊತೆಗೆ ನುಡಿಸುತ್ತಿದ್ದ ಹುಡುಗರ ಬ್ಯಾಂಡೇ ಬೇಕು ಅಂತ ಪಟ್ಟು ಹಿಡಿದಳು, 2005ರಲ್ಲಿ ಮೊದಲ ಆಲ್ಬಂ ಬ್ಯಾಂಡ್ ಹೆಸರಲ್ಲೇ ಬಂತು. ಆಗ ಪಾಪ್-ಪಂಕ್ (ಪಾಪ್ ರಾಗದ, ವೇಗದ ರಾಕ್) ಅಂದರೆ ಹುಡುಗರದ್ದೇ ಲೋಕ. ಅದೇ ವರ್ಷ ಊರೂರು ಸುತ್ತುವ ರಾಕ್ ಉತ್ಸವ ವಾರ್ಪ್ಡ್ ಟೂರ್‌ನಲ್ಲಿ ಇವರಿಗೆ ಸಿಕ್ಕಿದ್ದು ಗಾಯಕಿಯರಿಗೆ ಅಂತ ಬೇರೆ ಮಾಡಿಟ್ಟಿದ್ದ ಸಣ್ಣ ವೇದಿಕೆ. ಅಲ್ಲಿಂದ ಮುಖ್ಯ ವೇದಿಕೆಗೆ ಬಂದ ದಾರಿ ಸುಮ್ನೆ ಆಗಿದ್ದಲ್ಲ.

ಬೇಸ್‌ಲೈನ್:
ಹಟ ಸರಿ, ಆದರೆ ಆಕೆ ಉಳಿದುಕೊಂಡಿದ್ದು ಬದಲಾದದ್ದರಿಂದ. 2010ರ ಕೊನೆಗೆ ಫ್ಯಾರೋ ಅಣ್ಣತಮ್ಮಂದಿರು (ಗಿಟಾರಿನ ಜಾಶ್, ಡ್ರಮ್ಸಿನ ಜ್ಯಾಕ್) ಬ್ಯಾಂಡ್ ಬಿಟ್ಟರು, ಬಿಡುವಾಗ ಕಟುವಾಗಿಯೇ ಮಾತಾಡಿದರು. ಎಷ್ಟೋ ಬ್ಯಾಂಡ್‌ಗಳು ಅಲ್ಲಿಗೇ ಮುಗಿಯುತ್ತವೆ, ಅಲ್ವಾ? ಉಳಿದವರು ಗಾಸ್ಪೆಲ್ (ಚರ್ಚ್ ಭಕ್ತಿಗೀತೆ) ಥರದ ಕೋರಸ್ ಇರುವ ‘ಏಂಟ್ ಇಟ್ ಫನ್’ ಮಾಡಿ 2015ರಲ್ಲಿ ಗ್ರ್ಯಾಮಿ ಗೆದ್ದರು. 2017ರ ‘ಆಫ್ಟರ್ ಲಾಫ್ಟರ್’ನಲ್ಲಿ ಪಂಕ್ ಹೆಚ್ಚೇನೂ ಇಲ್ಲ, ಕುಣಿಯುವಂಥ ತಾಳದ ಕೆಳಗೆ ಖಿನ್ನತೆಯ ಮಾತು. ನನಗೆ ಅವರ ಅತ್ಯುತ್ತಮ ಆಲ್ಬಂ ಅದೇ. ಡ್ರಮ್ಮರ್ ಜ್ಯಾಕ್ ಫ್ಯಾರೋ ಅಷ್ಟೊತ್ತಿಗೆ ವಾಪಸ್ ಬಂದಿದ್ದ.

ನೀಲಿಕೂದಲು:
ಪ್ರಭಾವದ ಬಗ್ಗೆಯೂ ಹೇಳಬೇಕು. 2021ರಲ್ಲಿ ಪಾಪ್ ಗಾಯಕಿ ಒಲಿವಿಯಾ ರಾಡ್ರಿಗೊ ಅವರ ‘ಗುಡ್ ಫೋರ್ ಯು’ ಹಾಡು ‘ಮಿಸರಿ ಬಿಸಿನೆಸ್’ ಥರ ಇದೆ ಅಂತ ಎಲ್ಲರೂ ಗುರುತಿಸಿದರು, ಆಮೇಲೆ ಹೇಲಿ ಮತ್ತು ಜಾಶ್ ಫ್ಯಾರೋ ಹೆಸರೂ ರಚನೆಕಾರರ ಸಾಲಿಗೆ ಸೇರಿತು. ಇನ್ನೊಂದು ವಿಷಯ, ‘ಮಿಸರಿ ಬಿಸಿನೆಸ್’ನಲ್ಲಿ ಇನ್ನೊಬ್ಬ ಹುಡುಗಿಯನ್ನು ಬೈಯುವ ಸಾಲಿದೆ. ಅದಕ್ಕೆ ಟೀಕೆ ಬಂದಾಗ ಹೇಲಿ ನುಣುಚಿಕೊಳ್ಳಲಿಲ್ಲ. 2018ರಲ್ಲಿ ತಮ್ಮ ಅತಿ ದೊಡ್ಡ ಹಿಟ್ಟನ್ನೇ ವೇದಿಕೆಯಿಂದ ತೆಗೆದರು, 2022ರಲ್ಲಷ್ಟೇ ಮತ್ತೆ ಹಾಡಿದ್ದು. ಹದಿಹರೆಯದಲ್ಲಿ ಬರೆದದ್ದಕ್ಕೆ ದೊಡ್ಡವಳಾಗಿ ಹೊಣೆ ಹೊರುವುದು ನನಗೆ ತುಂಬಾ ದೊಡ್ಡ ವಿಷಯ.

ಕೇಳಲು 2009ರ ‘ಬ್ರಾಂಡ್ ನ್ಯೂ ಐಸ್’ ತಗೊಳ್ಳಿ. ಕೊನೆಯ ಹಾಡು ‘ಆಲ್ ಐ ವಾಂಟೆಡ್’ ಮೆಲ್ಲಗೆ, ತಗ್ಗಿದ ದನಿಯಲ್ಲಿ ಶುರುವಾಗುತ್ತದೆ. ಪಲ್ಲವಿ ಬಂದ ಕೂಡಲೇ ದನಿ ಒಮ್ಮೆಲೇ ಮೇಲಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಹೆಡ್‌ಫೋನ್ ಹಾಕಿಯೇ ಕೇಳಿ. ಆಮೇಲೆ ನೇರವಾಗಿ 2023ರ ‘ದಿಸ್ ಈಸ್ ವೈ’ಗೆ ಹೋಗಿ, ಬೆಸ್ಟ್ ರಾಕ್ ಆಲ್ಬಂ ಗ್ರ್ಯಾಮಿ ಬಂದದ್ದು ಅದಕ್ಕೆ.