ಗೇಮ್ ಆಡೋಕೆ ಯಾವ ಟಿವಿ, ಎಷ್ಟು ಇಂಚು? ರಿಪೇರಿಯವರನ್ನು ಕೇಳಿ

ಅಡ್ಮಿನ್: ಈ ಭಾನುವಾರ ನಮ್ಮ ಗ್ರೂಪಿನ ಟಿವಿ ರಿಪೇರಿಯವರು ಉತ್ತರ ಕೊಡುತ್ತಾರೆ. ಶಿವಮೊಗ್ಗದಲ್ಲಿ ಇವರದೇ ಅಂಗಡಿ ಇದೆ. ವಿಷಯ ಗೇಮಿಂಗ್ ಟಿವಿ. ಪ್ರಶ್ನೆ ಜೊತೆ ಊರಿನ ಹೆಸರು ಹಾಕಿ.

ರಿಪೇರಿಯವರು: ಎಲ್ಲರಿಗೂ ನಮಸ್ಕಾರ. ಕೇಳುವಾಗ ಮೂರು ವಿಷಯ ಬರೆಯಿರಿ. ಕೂರುವ ಜಾಗದಿಂದ ಟಿವಿಗೆ ಎಷ್ಟು ಅಡಿ? ಆಡುವುದು ಹಗಲಾ, ರಾತ್ರಿಯಾ? ಯಾವ ಕನ್ಸೋಲ್ (ಗೇಮ್ ಆಡುವ ಯಂತ್ರ), ಅಥವಾ ಕಂಪ್ಯೂಟರಾ? ಇಷ್ಟು ಗೊತ್ತಿಲ್ಲದೆ ‘ಯಾವುದು ಒಳ್ಳೇದು’ ಅಂತ ಕೇಳಿದರೆ ಹೇಳುವುದು ಕಷ್ಟ.

ಭದ್ರಾವತಿ: ಸಾರ್, ಅಂಗಡಿಯಲ್ಲಿ ಎಲ್‌ಇಡಿ, ಕ್ಯೂಎಲ್‌ಇಡಿ, ಐಪಿಎಸ್ ಅಂತೆಲ್ಲ ಹೇಳಿದರು. ಎಲ್‌ಸಿಡಿ ಈಗ ಬರೋದೇ ಇಲ್ಲವಂತೆ. ಹೌದಾ?

ರಿಪೇರಿಯವರು: ಅಲ್ಲ. ಎಲ್‌ಇಡಿ ಟಿವಿ ಅಂತ ಮಾರುವುದು ಎಲ್‌ಸಿಡಿಯನ್ನೇ. ಪರದೆ ಎಲ್‌ಸಿಡಿ, ಅದರ ಹಿಂದಿನ ದೀಪ ಎಲ್‌ಇಡಿ. ಕ್ಯೂಎಲ್‌ಇಡಿ ಕೂಡ ಎಲ್‌ಸಿಡಿಯೇ, ಬಣ್ಣ ಚೆನ್ನಾಗಿ ಬರಲಿ ಅಂತ ಮಧ್ಯೆ ಒಂದು ಪದರ ಸೇರಿಸಿರುತ್ತಾರೆ. ಓಎಲ್‌ಇಡಿ ಮಾತ್ರ ಬೇರೆ ಜಾತಿ. ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ.
ಎಲ್‌ಸಿಡಿ ಟಿವಿಯಲ್ಲಿ ನೀವು ನೋಡಬೇಕಾದದ್ದು ಪ್ಯಾನೆಲ್, ಅಂದರೆ ಒಳಗಿನ ಪರದೆ, ಯಾವ ಜಾತಿಯದು ಅಂತ: ಐಪಿಎಸ್ ಅಥವಾ ವಿಎ. ಐಪಿಎಸ್ ಅನ್ನು ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಆದರೆ ಕಪ್ಪು ಪೂರ್ತಿ ಕಪ್ಪಾಗುವುದಿಲ್ಲ. ಕಾಂಟ್ರಾಸ್ಟ್, ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಕು ಅನ್ನುವುದು, ಸುಮಾರು 1000ಕ್ಕೆ 1. ವಿಎಯಲ್ಲಿ ಅದು 3000 ದಾಟುತ್ತದೆ, ಕಪ್ಪು ಗಟ್ಟಿ. ಆದರೆ ಪಕ್ಕಕ್ಕೆ ಸರಿದರೆ ಬಣ್ಣ ತೊಳೆದ ಹಾಗೆ ಕಾಣುತ್ತದೆ. ಟಿಎನ್ ಅಂತ ಮೂರನೆಯದು ಮಾನಿಟರ್‌ಗಳಲ್ಲಿ ಬರುತ್ತದೆ, ಟಿವಿಗೆ ಅದರ ಯೋಚನೆ ಬೇಡ.

ಶಿಕಾರಿಪುರ: 43 ತಗೊಳ್ಳಲಾ 55 ತಗೊಳ್ಳಲಾ?

ರಿಪೇರಿಯವರು: ದೂರ ಬರೆದಿಲ್ಲ ನೀವು. ಎಲ್ಲರಿಗೂ ಸೇರಿಸಿ ಹೇಳುತ್ತೇನೆ. 43 ಇಂಚಿಗೆ 4.5ರಿಂದ 6 ಅಡಿ. 55ಕ್ಕೆ 5.5ರಿಂದ 7.5 ಅಡಿ. 65ಕ್ಕೆ 6.5ರಿಂದ 8.5 ಅಡಿ. ಗುಂಡು ಹೊಡೆಯುವ ಆಟ ಆಡುವವರು ದೂರದ ಕಡೆಗೇ ಕೂರಿ. ಮೂಲೆಯಲ್ಲಿ ಬರುವ ಶತ್ರುವನ್ನು ನೋಡಲು ಕುತ್ತಿಗೆ ತಿರುಗಿಸುವ ಹಾಗಾಗಬಾರದು. ಇಂಚು ಅಂದರೆ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ. 55ರ ಅಗಲ 122 ಸೆಂಟಿಮೀಟರ್, ಅಂದರೆ 4 ಅಡಿ. ಹಳೇ ಮನೆಗಳಲ್ಲಿ ಎರಡು ಕಂಬದ ನಡುವೆ ಇಡುವವರು ಮೊದಲು ಟೇಪ್ ಹಿಡಿಯಿರಿ.

ಕೊಪ್ಪ: ನಮ್ಮದು ಜಂಬಿಟ್ಟಿಗೆ ಗೋಡೆ. 65 ಇಂಚು ತೂಗುಹಾಕಿದರೆ ಮೊಳೆ ನಿಲ್ಲುತ್ತದಾ?

ತೀರ್ಥಹಳ್ಳಿ: ಅಣ್ಣಾ, ಪಿಎಸ್5 (ಪ್ಲೇಸ್ಟೇಷನ್ ಕನ್ಸೋಲ್) ಇದೆ. 55 ಇಂಚು, 7 ಅಡಿ ದೂರ. ರಾತ್ರಿಯೇ ಆಡುವುದು. ಕತ್ತಲೆ ದೃಶ್ಯದಲ್ಲಿ ಆಳು ಓಡಿದರೆ ಹಿಂದೆ ಹೊಗೆ ಎಳೆದ ಹಾಗೆ ಕಾಣುತ್ತದೆ. ಬೆಳಕಿನ ದೃಶ್ಯದಲ್ಲಿ ಏನೂ ಇಲ್ಲ. ಒಂದು ಸಲ ಟಿವಿ ಬದಲಾಯಿಸಿಕೊಂಡು ಬಂದೆ. ಹೊಸದರಲ್ಲೂ ಅದೇ. ಅಂಗಡಿಯವರು ಕಣ್ಣು ತೋರಿಸಿಕೋ ಅಂದರು.

ರಿಪೇರಿಯವರು: ನಿಮ್ಮ ಕಣ್ಣು ಸರಿ ಇದೆ. ಒಂದು ಹೇಳಿ. ಪಕ್ಕದಲ್ಲಿ ಕೂತು ನೋಡಿದರೆ ಬಣ್ಣ ಮಸುಕಾಗುತ್ತದಾ?

ತೀರ್ಥಹಳ್ಳಿ: ಹೌದು. ಅಮ್ಮ ಒಳಬಾಗಿಲ ಹತ್ತಿರ ಕೂತು ನೋಡುವಾಗ ಎಲ್ಲ ಬೆಳ್ಳಗೆ ಕಾಣುತ್ತದೆ ಅಂತಾರೆ.

ರಿಪೇರಿಯವರು: ಹಾಗಾದರೆ ಅದು ವಿಎ ಪ್ಯಾನೆಲ್. ನೀವು ಹೇಳುವ ಹೊಗೆ ಅದರ ಹುಟ್ಟುಗುಣ. ಇದನ್ನು ಸರಿಯಾಗಿ ತಿಳಿದುಕೊಳ್ಳಿ, ಇಲ್ಲದಿದ್ದರೆ ಮೂರನೇ ಸಲವೂ ಟಿವಿ ಹೊತ್ತುಕೊಂಡು ಹೋಗುತ್ತೀರಿ.
ವಿಎಯಲ್ಲಿ ದ್ರವ ಹರಳುಗಳು ಪರದೆಗೆ ನೆಟ್ಟಗೆ ನಿಂತಿರುತ್ತವೆ. ಕರೆಂಟು ಕೊಡದಿದ್ದಾಗ ಹಿಂದಿನ ಬೆಳಕನ್ನು ತಡೆಯುತ್ತವೆ, ಅದಕ್ಕೇ ಕಪ್ಪು ಚೆಂದ. ಕರೆಂಟು ಕೊಟ್ಟಾಗ ವಾಲುತ್ತವೆ, ಬೆಳಕು ಬರುತ್ತದೆ. ಕಪ್ಪಿನಿಂದ ಪೂರ್ತಿ ಬಿಳಿಗೆ ಹೋಗಬೇಕಾದರೆ ಜೋರಾಗಿ ತಳ್ಳಿದ ಹಾಗೆ, ಬೇಗ ವಾಲುತ್ತವೆ. ಕಪ್ಪಿನಿಂದ ಕಡುಬೂದಿಗೆ ಹೋಗಲು ಮಾತ್ರ ತೀರಾ ಸ್ವಲ್ಪ ತಳ್ಳಬೇಕು. ಆಗ ಅವು ಆಮೆ ಹಾಗೆ ಚಲಿಸುತ್ತವೆ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ಬಂದಾಗ, ಒಂದು ಚಿತ್ರ ನಿಲ್ಲುವುದು 16.7 ಮಿಲಿಸೆಕೆಂಡು, 120ರಲ್ಲಿ 8.3. ಅಷ್ಟರೊಳಗೆ ಹರಳು ಜಾಗಕ್ಕೆ ಬರದಿದ್ದರೆ ಹಿಂದಿನ ಚಿತ್ರದ ನೆರಳು ಉಳಿಯುತ್ತದೆ. ಕತ್ತಲೆಯಲ್ಲಿ ಮಾತ್ರ ಕಾಣುವುದು ಇದಕ್ಕೇ.
ಮಾಡಬೇಕಾದದ್ದು ಇಷ್ಟು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ನಾಯ್ಸ್ ರಿಡಕ್ಷನ್ ತೆಗೆಯಿರಿ, ಅದು ಬೇರೆ ಥರದ ನೆರಳು ಸೇರಿಸುತ್ತದೆ. ಆಟದ ಒಳಗಿನ ಬ್ರೈಟ್‌ನೆಸ್ ಒಂದೆರಡು ಮೆಟ್ಟಿಲು ಏರಿಸಿ. ಕಡುಗಪ್ಪು ಬೂದಿಯ ಕಡೆ ಸರಿದರೆ ಹರಳಿನ ಕೆಲಸ ಹಗುರ. ಟಿವಿ ಹಿಂದಿನ ಗೋಡೆಗೆ ಬೀಳುವ ಹಾಗೆ ಒಂದು ಸಣ್ಣ ದೀಪ ಹಾಕಿ, ಆಗ ಕಪ್ಪು ಕಮ್ಮಿಯಾದದ್ದು ಕಣ್ಣಿಗೆ ಬೀಳುವುದಿಲ್ಲ. ಹೊಗೆ ಪೂರ್ತಿ ಹೋಗುವುದಿಲ್ಲ, ಅರ್ಧಕ್ಕೆ ಇಳಿದರೂ ನಿಮಗೆ ಸಮಾಧಾನ ಆಗಬಹುದು.
ಆಗದಿದ್ದರೆ ಐಪಿಎಸ್ ನೋಡಿ. ಆದರೆ ಕತ್ತಲ ನಡುಮನೆಯಲ್ಲಿ ಅದರ ಕಪ್ಪು ಬೂದಿ ಬಳಿದ ಹಾಗೆ ಇರುತ್ತದೆ. ತಗೊಳ್ಳುವ ಮುಂಚೆ ದೀಪ ಆರಿಸಿ ತೋರಿಸಲು ಅಂಗಡಿಯಲ್ಲಿ ಕೇಳಿ. ಇನ್ನೊಂದು ವಿಷಯ, ಒಂದೇ ಮಾದರಿಯ 50 ಮತ್ತು 55ರಲ್ಲಿ ಬೇರೆ ಬೇರೆ ಪ್ಯಾನೆಲ್ ಇರಬಹುದು. ಆ ಅಳತೆಯದ್ದನ್ನೇ ನೋಡಿ.

ತೀರ್ಥಹಳ್ಳಿ: ಅಣ್ಣಾ, ಬ್ರೈಟ್‌ನೆಸ್ ಏರಿಸಿ ನೋಡಿದೆ. ತುಂಬಾ ಕಮ್ಮಿಯಾಯಿತು! ಎರಡು ತಿಂಗಳಿಂದ ತಲೆ ಕೆಟ್ಟಿತ್ತು.

ವಿನೋಬನಗರ: ಇಷ್ಟೆಲ್ಲ ಯಾಕೆ? ಓಎಲ್‌ಇಡಿ ತಗೊಂಡರೆ ಮುಗೀತು. ಒಂದು ಮಿಲಿಸೆಕೆಂಡೂ ತಗೊಳ್ಳಲ್ಲ, ಕಪ್ಪು ಅಂದರೆ ಕಪ್ಪು.

ಸೊರಬ: ಹಣ ನೀವು ಕೊಡ್ತೀರಾ? ಅದರಲ್ಲಿ ಚಿತ್ರದ ಅಚ್ಚು ಉಳಿಯುತ್ತದೆ. ನಮ್ಮ ಮನೆಯಲ್ಲಿ ಅಪ್ಪ ಬೆಳಿಗ್ಗೆಯಿಂದ ನ್ಯೂಸ್ ಹಾಕಿರ್ತಾರೆ. ಕೆಳಗಿನ ಪಟ್ಟಿ ಅಲ್ಲೇ ಕೂತುಬಿಡುತ್ತದೆ.

ವಿನೋಬನಗರ: ಅದೆಲ್ಲ ಹಳೇ ಕಥೆ ಮಾರಾಯ್ರೆ. ಮೂರು ವರ್ಷದಿಂದ ಆಡ್ತಿದ್ದೇನೆ, ಏನೂ ಆಗಿಲ್ಲ.

ಸೊರಬ: ನಿಮ್ಮ ಮನೆಯಲ್ಲಿ ನೀವೊಬ್ಬರೇ. ನಮ್ಮಲ್ಲಿ ಏಳು ಜನ, ಒಂದು ಟಿವಿ.

ರಿಪೇರಿಯವರು: ಇಬ್ಬರದೂ ಸರಿ. ಗೇಮ್ ಮಾತ್ರ ಆಡುವವರಿಗೆ ಓಎಲ್‌ಇಡಿಗಿಂತ ವೇಗದ ಟಿವಿ ಇಲ್ಲ. ದಿನವಿಡೀ ಒಂದೇ ಚಾನೆಲ್ ಓಡುವ ಮನೆಗೆ ನಾನು ಹೇಳುವುದಿಲ್ಲ. ಮುಂದಿನವರು ಕೇಳಿ.

ಸಾಗರ: ನಮಸ್ತೆ, ಮೂರು ಮಕ್ಕಳು, ಜಗಲಿಯಲ್ಲಿ ಚದುರಿ ಕೂರುತ್ತಾರೆ. ಹಗಲು ಬೆಳಕು ಜಾಸ್ತಿ. ಹಳೇ ಪಿಎಸ್4 ಇದೆ. ಮತ್ತೆ, ಮಳೆಗಾಲದಲ್ಲಿ ಥಂಡಿ ಹಿಡಿಯದ ಹಾಗೆ ಟಿವಿ ಹಿಂದೆ ನುಸಿಗುಳಿಗೆ, ಕರ್ಪೂರ ಕಟ್ಟಬೇಕು ಅಂತ ಒಂದು ಮೆಸೇಜು ಬಂದಿದೆ. ಕಟ್ಟಲಾ?

ರಿಪೇರಿಯವರು: ಅಮ್ಮಾ, ಐಪಿಎಸ್ ತಗೊಳ್ಳಿ, ಪಕ್ಕದಲ್ಲಿ ಕೂತ ಮಗುವಿಗೂ ಚೆನ್ನಾಗಿ ಕಾಣುತ್ತದೆ. ಪಿಎಸ್4ಗೆ 60 ಹರ್ಟ್ಸ್ ಸಾಕು. 120ಕ್ಕೆ ಜಾಸ್ತಿ ದುಡ್ಡು ಹಾಕಬೇಡಿ.
ಗುಳಿಗೆ ಕಟ್ಟಬೇಡಿ. ನುಸಿಗುಳಿಗೆ ಆವಿಯಾಗಿ ಕೆಲವು ಜಾತಿಯ ಪ್ಲಾಸ್ಟಿಕ್ ಅನ್ನು ಮೆತ್ತಗೆ ಮಾಡುತ್ತದೆ. ಕರ್ಪೂರ ಹತ್ತಿಕೊಳ್ಳುವ ವಸ್ತು, ಬಿಸಿಯಾಗುವ ಟಿವಿ ಹಿಂದೆ ಎಂತಕ್ಕೆ? ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಟಿವಿ ಹಾಕಿ, ಅದರ ಬಿಸಿಗೇ ಒಳಗಿನ ತೇವ ಆರುತ್ತದೆ. ಗೋಡೆಯಿಂದ ನಾಲ್ಕು ಬೆರಳು ಜಾಗ ಬಿಡಿ. ಗಾಜು ಒರೆಸುವ ದ್ರವ ಪರದೆಗೆ ಬೇಡ, ಒಣ ಮೆತ್ತನೆ ಬಟ್ಟೆ ಸಾಕು.

ಭದ್ರಾವತಿ: ಸಾರ್, ಡಬ್ಬದ ಮೇಲೆ ‘ಮೋಷನ್ 240’ ಅಂತಿದೆ. ಅದು 120ಕ್ಕಿಂತ ಒಳ್ಳೇದಲ್ವಾ?

ರಿಪೇರಿಯವರು: ಅದು ಮಾರಾಟದ ಅಂಕಿ. ‘ನೇಟಿವ್ ರಿಫ್ರೆಶ್ ರೇಟ್’ ಎಷ್ಟು ಅಂತ ಕೇಳಿ, ಅಂದರೆ ಪ್ಯಾನೆಲ್ ಸೆಕೆಂಡಿಗೆ ನಿಜವಾಗಿ ಎಷ್ಟು ಸಲ ಚಿತ್ರ ಬದಲಿಸುತ್ತದೆ ಅಂತ. ಪಿಎಸ್5ನಲ್ಲಿ 4ಕೆ (ಅತಿ ಸೂಕ್ಷ್ಮ ಚುಕ್ಕಿಗಳ ಚಿತ್ರ), ಅದೂ ಸೆಕೆಂಡಿಗೆ 120 ಚಿತ್ರ ಬೇಕಾದರೆ ಪ್ಯಾನೆಲ್ಲೂ 120 ಇರಬೇಕು, ಎಚ್‌ಡಿಎಂಐ 2.1 ಕಿಂಡಿಯೂ (ಕನ್ಸೋಲಿನ ವೈರ್ ಚುಚ್ಚುವ ಜಾಗ) ಇರಬೇಕು. ಎಲ್ಲ ಕಿಂಡಿಯೂ 2.1 ಇರುವುದಿಲ್ಲ.

ಆನಂದಪುರ: 55 ಚೆನ್ನಾಗಿದೆಯಾ ಸಾರ್?

ರಿಪೇರಿಯವರು: ದೂರ?

ಹೊಸನಗರ: ಸಾರ್, ಮಗ ಕಂಪ್ಯೂಟರನ್ನು 50 ಇಂಚಿನ ಟಿವಿಗೆ ಎಚ್‌ಡಿಎಂಐನಲ್ಲಿ ಸೇರಿಸಿ ಆಡುತ್ತಾನೆ. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತದೆ. ವೈರ್ ಚುಚ್ಚುವಾಗ ಸಣ್ಣ ಕಿಡಿ. ಹೋದ ವರ್ಷ ಟಿವಿಯ ಒಂದು ಕಿಂಡಿ ಸತ್ತಿತ್ತು. ನನ್ನ ಪ್ರಶ್ನೆ, 50ರಿಂದ 65ಕ್ಕೆ ಹೋದರೆ ಚಿತ್ರ ಒಡೆಯುತ್ತದಾ?

ರಿಪೇರಿಯವರು: ಇಂಚಿನ ಮಾತು ಆಮೇಲೆ. ಮಗ ಈಗ ಆಡುತ್ತಿದ್ದಾನಾ? ಬೋರ್ಡಿನ ಸ್ವಿಚ್ ಆರಿಸಿ, ಕಂಪ್ಯೂಟರಿನ ಪ್ಲಗ್ ತೆಗೆಸಿ. ತೆಗೆಸಿ ಇಲ್ಲಿ ಬರೆಯಿರಿ.

ಹೊಸನಗರ: ತೆಗೆಸಿದೆ. ಅಷ್ಟು ಅಪಾಯವಾ?

ರಿಪೇರಿಯವರು: ಕಂಪ್ಯೂಟರಿನ ಪವರ್ ಸಪ್ಲೈ ಮೂರು ಪಿನ್ನಿನದು. ಒಳಗೆ ಕರೆಂಟಿನ ಏರುಪೇರಿನ ಗಲಾಟೆ (ನಾಯ್ಸ್) ತಡೆಯುವ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅವುಗಳಿಂದ ಸೋರುವ ಅಲ್ಪಸ್ವಲ್ಪ ಕರೆಂಟು ಮೂರನೇ ಪಿನ್ನಿನಿಂದ ಭೂಮಿಗೆ ಹೋಗಬೇಕು. ನಿಮ್ಮ ಮನೆಯಲ್ಲಿ ಅರ್ಥಿಂಗ್ ಇಲ್ಲ, ಅಥವಾ ಎಲ್ಲೋ ಕಡಿದಿದೆ. ಆಗ ಡಬ್ಬದ ಮೇಲೆ ಸುಮಾರು 115 ವೋಲ್ಟ್ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ಕಡಿಮೆ, ಅದಕ್ಕೆ ಜುಮ್ ಅನ್ನುವುದಷ್ಟೇ. ಆದರೆ ನಾಳೆ ಪವರ್ ಸಪ್ಲೈ ಒಳಗೆ ಫೇಸ್ ವೈರ್ (ಕರೆಂಟು ಬರುವ ವೈರ್) ಡಬ್ಬಕ್ಕೆ ತಾಗಿದರೆ 230 ವೋಲ್ಟ್ ಪೂರ್ತಿ ಡಬ್ಬಕ್ಕೆ ಬರುತ್ತದೆ. ಅರ್ಥಿಂಗ್ ಇದ್ದರೆ ಫ್ಯೂಸ್ ಹೋಗಿ ಮುಗಿಯುತ್ತಿತ್ತು. ಇಲ್ಲದಿದ್ದರೆ ಮುಟ್ಟಿದವನ ಮೈಯೇ ದಾರಿ. ಮಳೆಗಾಲದಲ್ಲಿ ಗಾರೆ ನೆಲ ಬೆವರಿರುತ್ತದೆ, ಮಗ ಬರಿಗಾಲಲ್ಲಿ ಕೂರುತ್ತಾನೆ.
ಕಿಂಡಿ ಸತ್ತದ್ದೂ ಇದಕ್ಕೇ ಇರಬಹುದು. ಟಿವಿಗೆ ಡಿಶ್ ವೈರ್ ಇದೆಯಲ್ವಾ? ಡಿಶ್ಶಿನ ಕಂಬ ಮಣ್ಣಿಗೆ ತಾಗಿರುತ್ತದೆ. ಒಂದು ಕಡೆ ತೇಲುವ ವೋಲ್ಟೇಜು, ಇನ್ನೊಂದು ಕಡೆ ಭೂಮಿ. ಎಚ್‌ಡಿಎಂಐ ಚುಚ್ಚಿದ ಕ್ಷಣ ಎರಡೂ ಸೇರುತ್ತವೆ. ಕಿಡಿ ಅದೇ.
ನಾಳೆಯೇ ವೈರಿಂಗ್ ಗೊತ್ತಿರುವವರನ್ನು ಕರೆಸಿ. ಸಾಕೆಟ್ಟಿನ ಮೇಲಿನ ದೊಡ್ಡ ತೂತಿನಿಂದ ಅರ್ಥ್ ಗುಂಡಿವರೆಗೆ ವೈರ್ ನಿಜವಾಗಿ ಹೋಗಿದೆಯಾ ನೋಡಲಿ. ಮೇನ್ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಕರೆಂಟು ಸೋರಿಕೆ ಆದರೆ ಆ ಸ್ವಿಚ್ ತಾನೇ ಬಿದ್ದು ಕರೆಂಟು ಕಡಿಯುತ್ತದೆ. ಟಿವಿ, ಕಂಪ್ಯೂಟರ್ ಎರಡೂ ಒಂದೇ ಬೋರ್ಡಿನಲ್ಲಿರಲಿ. ಎಚ್‌ಡಿಎಂಐ ಹಾಕುವಾಗ ಎರಡರ ಪ್ಲಗ್ಗೂ ಹೊರಗಿರಲಿ.

ರಿಪ್ಪನ್‌ಪೇಟೆ: ಇದಕ್ಕೆ ಸುಲಭ ಉಪಾಯ ಒಂದು ಗ್ರೂಪಿನಲ್ಲಿ ಬಂದಿತ್ತು. ಸಾಕೆಟ್ಟಿನ ಅರ್ಥ್ ತೂತಿಗೂ ನ್ಯೂಟ್ರಲ್ಲಿಗೂ (ಕರೆಂಟು ವಾಪಸು ಹೋಗುವ ವೈರ್) ಒಂದು ತುಂಡು ವೈರ್ ಹಾಕಿದರೆ ಜುಮ್ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮಾಡಿದ್ದೇವೆ.

ರಿಪೇರಿಯವರು: ಇಂದೇ ತೆಗೆಸಿ. ದಯವಿಟ್ಟು. ಜುಮ್ ನಿಲ್ಲುತ್ತದೆ ನಿಜ. ಆದರೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಆ ತುಂಡು ವೈರಿನ ಮೂಲಕ 230 ವೋಲ್ಟ್ ನೇರ ಕಂಪ್ಯೂಟರ್ ಡಬ್ಬಕ್ಕೆ, ಫ್ರಿಜ್ಜಿನ ಬಾಗಿಲಿಗೆ ಬರುತ್ತದೆ. ನಮ್ಮ ಕಡೆ ಗಾಳಿಮಳೆಗೆ ಕೊಂಬೆ ಬಿದ್ದು ಲೈನ್ ಕಡಿಯುವುದು ಅಪರೂಪವಾ? ಆ ಮೆಸೇಜನ್ನು ಇನ್ನೊಬ್ಬರಿಗೆ ಕಳಿಸಿದ್ದರೆ ಅವರಿಗೂ ಫೋನ್ ಮಾಡಿ ಹೇಳಿ.

ರಿಪ್ಪನ್‌ಪೇಟೆ: ಎರಡು ವರ್ಷದಿಂದ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ.

ರಿಪೇರಿಯವರು: ಹೆದರಿಸುತ್ತಿದ್ದೇನೆ, ಹೆದರಲೇಬೇಕು. ತೆಗೆಸಿ.

ಸೊರಬ: ಅರ್ಥ್ ಗುಂಡಿಗೆ ಉಪ್ಪುನೀರು ಹೊಯ್ದರೆ ಸಾಕು ಅಂತಾರಲ್ಲ?

ರಿಪೇರಿಯವರು: ವೈರೇ ಕಡಿದಿದ್ದರೆ ಗುಂಡಿಗೆ ಎಷ್ಟು ನೀರು ಹೊಯ್ದು ಎಂತ ಪ್ರಯೋಜನ?

ಆನಂದಪುರ: ಸ್ಟೆಬಿಲೈಸರ್ ಇದ್ದರೆ ಸಿಡಿಲಿಗೆ ತೊಂದರೆ ಇಲ್ಲ ಅಲ್ವಾ? ಮತ್ತೆ 55 ಬಗ್ಗೆ ಹೇಳಲಿಲ್ಲ.

ರಿಪೇರಿಯವರು: ಸ್ಟೆಬಿಲೈಸರ್ ಸಿಡಿಲು ತಡೆಯುವುದಿಲ್ಲ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್, ಡಿಶ್ ವೈರ್, ಇಂಟರ್‌ನೆಟ್ ವೈರ್ ಮೂರೂ ತೆಗೆಯಿರಿ. ಸ್ವಿಚ್ ಆರಿಸಿದರೆ ಸಾಲದು. ಭರಣಿ, ಕೃತ್ತಿಕೆ ಮಳೆ ಬಂತು ಅಂದರೆ ನನ್ನ ಅಂಗಡಿಗೆ ಬರುವ ಟಿವಿಗಳಲ್ಲಿ ಜಾಸ್ತಿ ಸಿಡಿಲಿಗೆ ಹಾಳಾದವೇ. 55ಕ್ಕೆ ಮೇಲೆ ಬರೆದಿದ್ದೇನೆ.

ವಿನೋಬನಗರ: ಇಂಥ ಕರೆಂಟಿನಲ್ಲಿ ಗೇಮ್ ಆಡೋದಕ್ಕಿಂತ ತೋಟದ ಕೆಲಸ ಮಾಡೋದು ವಾಸಿ ಬಿಡಿ ಹಳ್ಳಿಯವರು.

ಸೊರಬ: ಏನ್ರೀ ಹಳ್ಳಿಯವರು ಅಂದರೆ? ತೋಟದ ಕೆಲಸ ಮುಗಿಸಿಯೇ ನಮ್ಮ ಹುಡುಗರು ಆಡೋದು. ನೀವು ಎಷ್ಟು ಅಡಿಕೆ ಸುಲಿದಿದ್ದೀರಿ ಹೇಳಿ.

ವಿನೋಬನಗರ: ನಾನು ಹೇಳಿದ್ದು ಬೇರೆ ಅರ್ಥದಲ್ಲಿ.

ಸೊರಬ: ಅರ್ಥ ಎಲ್ಲರಿಗೂ ಆಗಿದೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇನ್ನೊಂದು ಮಾತು ಬಂದರೆ ಅಳಿಸುತ್ತೇನೆ.

ಕೊಪ್ಪ: ಜಂಬಿಟ್ಟಿಗೆ ಗೋಡೆ ಬಗ್ಗೆ ಯಾರಾದರೂ ಹೇಳ್ತೀರಾ?

ಶಿಕಾರಿಪುರ: ಸಾರ್, ಕಂಪ್ಯೂಟರ್ ಸೇರಿಸಿದರೆ ಟಿವಿಯಲ್ಲಿ ಅಕ್ಷರ ಮಸುಕು.

ರಿಪೇರಿಯವರು: ಆ ಕಿಂಡಿಯ ಸೆಟ್ಟಿಂಗಿನಲ್ಲಿ ‘ಪಿಸಿ’ ಅಂತ ಆರಿಸಿ. ಓವರ್‌ಸ್ಕ್ಯಾನ್ (ಚಿತ್ರದ ಅಂಚು ಕತ್ತರಿಸಿ ಹಿಗ್ಗಿಸುವುದು) ತೆಗೆಯಿರಿ.

ರಿಪ್ಪನ್‌ಪೇಟೆ: ತುಂಡು ವೈರ್ ತೆಗೆಸಿದೆ. ಈಗ ಮತ್ತೆ ಜುಮ್ ಅನ್ನುತ್ತಿದೆ. ಸಮಾಧಾನವಾ?

ರಿಪೇರಿಯವರು: ತೆಗೆಸಿದ್ದಕ್ಕೆ ಸಮಾಧಾನ. ಜುಮ್ ಅನ್ನುವುದನ್ನು ಬಳಸಬೇಡಿ, ಅರ್ಥಿಂಗ್ ಮಾಡಿಸಿ. ಹೊಸನಗರದವರಿಗೆ ಬರೆದದ್ದೇ ನಿಮಗೂ.

ಹೊಸನಗರ: (ಮರುದಿನ) ಸಾರ್, ಎಲೆಕ್ಟ್ರಿಷಿಯನ್ ಬಂದಿದ್ದರು. ಸಾಕೆಟ್ ಬಿಚ್ಚಿದರೆ ಮೂರನೇ ತೂತಿಗೆ ವೈರೇ ಇರಲಿಲ್ಲ. ಮನೆ ಕಟ್ಟಿದಾಗಿನಿಂದ ಹಾಗೇ ಇತ್ತಂತೆ. ಈಗ ಹಾಕಿದ್ದಾರೆ. ಆರ್‌ಸಿಸಿಬಿ ಬುಧವಾರ ತರುತ್ತಾರೆ. ಇವತ್ತು ಆಡಬಹುದಾ ಅಂತ ಮಗ ಕೇಳುತ್ತಿದ್ದಾನೆ.

ರಿಪೇರಿಯವರು: ಬುಧವಾರದವರೆಗೆ ಕಾಯಲಿ. ಆರ್‌ಸಿಸಿಬಿ ಹಾಕಿದ ಮೇಲೆ ಅದರ ಮೇಲಿನ ಟೆಸ್ಟ್ ಬಟನ್ ಒತ್ತಿ, ಬೀಳುತ್ತದಾ ನೋಡಿ. ಬಿದ್ದರೆ ಮಾತ್ರ ಪ್ಲಗ್ ಹಾಕಿ. 65 ಬಗ್ಗೆ ಕೇಳಿದ್ದಿರಿ. 4ಕೆ ಆದರೆ ಒಡೆಯುವುದಿಲ್ಲ. ಮಗ ಎಷ್ಟು ಅಡಿ ದೂರ ಕೂರುತ್ತಾನೆ, ಅಳೆದು ಬರೆಯಿರಿ.