ಸೆಕ್ಯುರಿಟಿ ಚೆಕ್‌ನಲ್ಲಿ ನಂಬರ್ ಕೇಳಿದ್ದಕ್ಕೆ ಇಷ್ಟು ದೊಡ್ಡ ಗಲಾಟೆಯಾ?

ಡೊಂಬಿವಲಿ ರಾಘು
ಎಲ್ಲರಿಗೂ ನಮಸ್ಕಾರ. ನನ್ನ ದೊಡ್ಡಮ್ಮನ ಮಗನ ವಿಷಯ. ಊರಿಗೆ ಹೋಗಲು ಮಂಗಳೂರು ವಿಮಾನ ಹಿಡಿಯಬೇಕಿತ್ತು. ಯಾವ ಏರ್‌ಪೋರ್ಟ್ ಅಂತ ಕೇಳಬೇಡಿ, ಇಲ್ಲೇ ನಮ್ಮ ಕಡೆಯದು. ಎಕ್ಸ್‌ರೇ ಆದ ಮೇಲೆ ಅಣ್ಣನ ಬ್ಯಾಗನ್ನು ಪಕ್ಕಕ್ಕೆ ತಳ್ಳಿದರು. ತೆರೆದು ನೋಡುತ್ತಿದ್ದವಳು ಯೂನಿಫಾರ್ಮಿನ ಹುಡುಗಿ. ಪವರ್ ಬ್ಯಾಂಕ್ ಟ್ರೇಯಲ್ಲಿ ಇಡಿ ಅಂದಳು. ಇವನು "ಇಷ್ಟು ಚಂದದವರು ಕೇಳಿದರೆ ಮನಸ್ಸನ್ನೂ ಟ್ರೇಯಲ್ಲಿ ಇಡ್ತೀನಿ" ಅಂತ ಹಿಂದಿಯಲ್ಲಿ ಹೇಳಿದನಂತೆ. ಅವಳು ಮಾತಾಡಲಿಲ್ಲ. "ನಂಬರ್ ಕೊಡಿ ಮೇಡಂ, ವಾಪಸ್ ಬಂದಾಗ ಕಾಫಿ ಕುಡಿಯೋಣ" ಅಂದ. ಅಷ್ಟಕ್ಕೇ ವಾಕಿಟಾಕಿಯಲ್ಲಿ ಮೇಲಿನವರನ್ನು ಕರೆದಳು. ಬದಿಯ ಕೋಣೆ, ಆಧಾರ್ ನಕಲು, ಆಮೇಲೆ ಪೊಲೀಸ್ ಠಾಣೆ. ವಿಮಾನ ಹೋಯಿತು. ಕ್ಷಮಾಪಣೆ ಬರೆಸಿಕೊಂಡು ಬಿಟ್ಟರು. ಮುಟ್ಟಿಲ್ಲ, ಬೈದಿಲ್ಲ. ಎರಡು ಮಾತಿಗೆ ಇಷ್ಟೆಲ್ಲಾ ಬೇಕಿತ್ತಾ?

ಮಾಟುಂಗಾ ಮಾವ
ಕೇಸು ಹಾಕುವುದಿದ್ದರೆ ಮೊದಲು ಆ ಡೈಲಾಗಿನ ಮೇಲೆ ಹಾಕಬೇಕಿತ್ತು.

ಚಿಂಚವಡ ಚೇತು
ನಾನು ರಾಘು ಕಡೆ. ಜನರ ಪರಿಚಯ ಆಗುವುದೇ ಹೀಗೆ. ಬ್ಯಾಂಕಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಲೋಕಲ್ ಟ್ರೈನಿನಲ್ಲಿ. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಬೇಡ ಅಂದರೆ ಮುಗೀತು. ಅವಳು ಬೇಡ ಅನ್ನಲೇ ಇಲ್ಲವಲ್ಲ? ನೇರವಾಗಿ ಮೇಲಿನವರನ್ನು ಕರೆದಳು. ಈಗ ಅವನನ್ನು ನೋ-ಫ್ಲೈ ಲಿಸ್ಟಿಗೂ ಹಾಕಿದರೆ ಆಶ್ಚರ್ಯ ಇಲ್ಲ. ಎರಡು ವರ್ಷ ವಿಮಾನ ಹತ್ತುವ ಹಾಗಿಲ್ಲ.

ಕುರ್ಲಾ ಸುಮಾ
ಚೇತು ಅವರೇ, ನಾನು ಒಂದು ವಿಮಾನ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿ ಕೂರುವವಳು. ಬೇಡ ಅಂದರೆ ಮುಗೀತು ಅನ್ನುವುದು ನಿಮ್ಮ ಕ್ಯಾಂಟೀನಿನಲ್ಲಿ ಸರಿ. ಅಲ್ಲಿ ಆ ಹುಡುಗಿ ಎದ್ದು ಬೇರೆ ಟೇಬಲ್ಲಿಗೆ ಹೋಗಬಹುದು. ನಾವು ಎಲ್ಲಿಗೆ ಏಳಬೇಕು? ಹಿಂದೆ ಲೈನು ನಿಂತಿರುತ್ತದೆ. ಮುಖಕ್ಕೆ ಹೊಡೆದ ಹಾಗೆ "ಬೇಡ" ಅಂದರೆ ಅದೇ ಪ್ರಯಾಣಿಕ ಬೋರ್ಡಿಂಗ್ ಗೇಟಿನಲ್ಲಿ ಕೂತು ಕಂಪನಿಗೆ ಟ್ಯಾಗ್ ಮಾಡುತ್ತಾನೆ, ಸಿಬ್ಬಂದಿ ಒರಟು, ಸೊಕ್ಕು ಜಾಸ್ತಿ ಅಂತ. ಸಂಜೆಯೊಳಗೆ ನಮ್ಮಿಂದ ಉತ್ತರ ಕೇಳುತ್ತಾರೆ. ಅದಕ್ಕೇ ಸುಮ್ನೆ ಹಲ್ಲು ಬಿಡುತ್ತೇವೆ. ಅದನ್ನೇ ಒಪ್ಪಿಗೆ ಅಂದುಕೊಂಡು ಮುಂದಿನ ಮಾತು ಬರುತ್ತದೆ.

ಎದೆ ಮೇಲೆ ಹೆಸರಿನ ಪಟ್ಟಿ ಇರುತ್ತದಲ್ಲ, ಅದನ್ನು ನೋಡಿ ಫೇಸ್‌ಬುಕ್ಕಿನಲ್ಲಿ ಹುಡುಕುವವರಿದ್ದಾರೆ. ಬೆಳಗಿನ ಜಾವದ ಶಿಫ್ಟ್ ಮುಗಿಸಿ ಬಸ್ಸಿನಲ್ಲಿ ಫೋನ್ ತೆಗೆದರೆ "ಕೌಂಟರ್ ನಂಬರ್ ನಾಲ್ಕರ ಚೆಲುವೆಗೆ" ಅಂತ ಮೆಸೇಜು. ನಗು ಬರುತ್ತಾ? ನನಗೆ ಬಸ್ ಸ್ಟಾಪಿನಲ್ಲಿ ಇಳಿದು ಹಿಂದೆ ತಿರುಗಿ ನೋಡುವ ಹಾಗಾಗುತ್ತದೆ.

ಆ ಹುಡುಗಿ ಮೊದಲನೇ ಮಾತಿಗೆ ಸುಮ್ಮನಿದ್ದಳು. ಅದೇ ಅವಳ "ಬೇಡ".

ಪುಣೆ ಹವಾಲ್ದಾರ
ನಾನು ಏರ್‌ಪೋರ್ಟ್, ಕಾರ್ಖಾನೆ ಕಾಯುವ ಕೇಂದ್ರ ಪಡೆ ಸಿಐಎಸ್‌ಎಫ್‌ನಲ್ಲಿ ಹೆಡ್ ಕಾನ್ಸ್‌ಟೇಬಲ್ ಆಗಿ ನಿವೃತ್ತಿ ಆದವನು. ಊರು ವಿಜಯಪುರ ಕಡೆ, ಈಗ ಪುಣೆಯಲ್ಲಿ ಮಗನ ಮನೆ.

ರಾಘು ತಮ್ಮಾ, ನಿಮ್ಮ ಅಣ್ಣ ಎಲ್ಲಿ ನಿಂತು ಆ ಮಾತು ಆಡಿದ ಅನ್ನುವುದನ್ನು ನೋಡಿ. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ಐಸಿ-814 ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಒಯ್ದರಲ್ಲ, ಅದಾದ ಮೇಲೆಯೇ ಏರ್‌ಪೋರ್ಟ್ ಕಾವಲು ಸಿಐಎಸ್‌ಎಫ್‌ಗೆ ಬಂದದ್ದು. 2000ದಲ್ಲಿ ಜೈಪುರದಿಂದ ಶುರುವಾಯಿತು. ಅಲ್ಲಿಯವರೆಗೆ ಆಯಾ ರಾಜ್ಯದ ಪೊಲೀಸರು ನೋಡಿಕೊಳ್ಳುತ್ತಿದ್ದರು.

ಎಕ್ಸ್‌ರೇ ಸ್ಕ್ರೀನ್ ಮುಂದೆ ಕೂತವರಿಗೆ ಒಂದು ಪರೀಕ್ಷೆ ಸದಾ ನಡೆಯುತ್ತಿರುತ್ತದೆ. ನಿಮ್ಮ ಬ್ಯಾಗಿನ ಚಿತ್ರದ ನಡುವೆ ಯಂತ್ರವೇ ಒಂದು ಸುಳ್ಳು ಪಿಸ್ತೂಲನ್ನೋ ಸುಳ್ಳು ಬಾಂಬನ್ನೋ ತೂರಿಸುತ್ತದೆ. ಟಿಪ್ ಅನ್ನುತ್ತಾರೆ ಅದಕ್ಕೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ಬಿಟ್ಟರೆ ದಾಖಲೆಗೆ ಹೋಗುತ್ತದೆ. ನೀವು ಜೋಕು ಹೇಳಿ ಮುಂದೆ ಹೋಗುತ್ತೀರಿ, ಬೈಗುಳ ತಿನ್ನುವವರು ಅವರು. ಇನ್ನೊಂದು ವಿಷಯ. ಒಬ್ಬ ಮಾತಿಗೆ ಎಳೆಯುವುದು, ಅಷ್ಟರಲ್ಲಿ ಜೊತೆಗಾರನ ಬ್ಯಾಗು ಆಚೆ ಜಾರುವುದು, ಇದು ಹಳೆಯ ಆಟ. ಆದ್ದರಿಂದ ಅತಿ ಸಲಿಗೆಯಿಂದ ಮಾತಾಡುವವನನ್ನು ಕಂಡರೆ ಅನುಮಾನ ಪಡಲೇಬೇಕು.

2019ರಲ್ಲಿ ನಮ್ಮ ಪಡೆಯ ಮೇಲಧಿಕಾರಿಗಳೇ ಒಂದು ಮಾತು ಹೇಳಿದರು. ಏರ್‌ಪೋರ್ಟ್ ಸಿಬ್ಬಂದಿ ಇನ್ನು ಬಾಯಿ ತುಂಬ ನಗುವುದು ಬೇಡ, ಬೇಕಾದಷ್ಟೇ ನಗಲಿ ಅಂತ. ಸಲಿಗೆ ಜಾಸ್ತಿ ಆದರೆ ಎಚ್ಚರ ತಪ್ಪುತ್ತದೆ, ಅಮೆರಿಕದಲ್ಲಿ 2001ರಲ್ಲಿ ಆದ ವಿಮಾನ ದಾಳಿಗೂ ಅದು ಒಂದು ಕಾರಣ ಎಂಬ ಲೆಕ್ಕ. ಆಗ ಜನ ತಮಾಷೆ ಮಾಡಿದರು. ಅದರ ಅರ್ಥ ಇಂಥ ಹೊತ್ತಿನಲ್ಲಿ ಗೊತ್ತಾಗುತ್ತದೆ.

ಡೊಂಬಿವಲಿ ರಾಘು
ಹವಾಲ್ದಾರ್ ಸಾಹೇಬರೇ, ಸ್ಕ್ರೀನ್ ನೋಡುತ್ತಿದ್ದವರು ಬೇರೆ. ಇವಳು ಬ್ಯಾಗ್ ತೆರೆಯುತ್ತಿದ್ದವಳು. ಮತ್ತೆ ನಮ್ಮ ಅಣ್ಣ ಭಯೋತ್ಪಾದಕ ಅಲ್ಲ, ಅಂಧೇರಿಯಲ್ಲಿ ಹೋಟೆಲ್ ಮ್ಯಾನೇಜರ್. ಬೆಳಿಗ್ಗೆಯಿಂದ ರಾತ್ರಿ ತನಕ ಗಿರಾಕಿಗಳ ಹತ್ತಿರ ನಗಿಸಿ ಮಾತಾಡಿ ಅಭ್ಯಾಸ.

ಕುರ್ಲಾ ಸುಮಾ
ಹೋಟೆಲಿನಲ್ಲಿ ಹೆಂಗಸರ ನಂಬರ್ ಕೇಳುತ್ತಾರಾ ನಿಮ್ಮ ಅಣ್ಣ?

ವಾಸ್ಕೋ ನಂದಿನಿ
ಎಲ್ಲರೂ ಪ್ರಯಾಣಿಕರ ಬಗ್ಗೆಯೇ ಹೇಳುತ್ತಿದ್ದೀರಿ. ಉಲ್ಟಾ ಆದರೆ? ನಾನು ಗೋವಾದಿಂದ ಊರಿಗೆ ಹೋಗಿ ಬರುವವಳು. ಒಂದು ಸಲ ಯಾವುದೋ ಏರ್‌ಪೋರ್ಟಿನ ಬಾಗಿಲಲ್ಲಿ ಗುರುತಿನ ಚೀಟಿ ನೋಡಿದವನು ಬೇಕಂತಲೇ ಹೆಚ್ಚು ಹೊತ್ತು ಕೈಯಲ್ಲಿ ಇಟ್ಟುಕೊಂಡ. "ಫೋಟೋಗಿಂತ ಎದುರಿಗೇ ಚೆನ್ನಾಗಿದ್ದೀರಿ" ಅಂದ. ಅದೇ ರಾತ್ರಿ ಇನ್‌ಸ್ಟಾಗ್ರಾಮಿನಲ್ಲಿ ರಿಕ್ವೆಸ್ಟ್. ನನ್ನ ಹೆಸರು, ಊರು, ಎಲ್ಲಿಗೆ ಹೋಗುತ್ತಿದ್ದೇನೆ, ಎಲ್ಲ ಅವನಿಗೆ ಗೊತ್ತು. ದೂರು ಕೊಡಲು ಹೆದರಿಕೆ, ಯಾಕೆಂದರೆ ಮತ್ತೆ ಅದೇ ಬಾಗಿಲಲ್ಲಿ ಹೋಗಬೇಕು. ಈಗ ಡಿಜಿಯಾತ್ರಾ ಬಳಸುತ್ತೇನೆ. ಕಾರ್ಡ್ ತೋರಿಸುವ ಕೆಲಸ ಕಡಿಮೆ, ಕ್ಯಾಮೆರಾಕ್ಕೆ ಮುಖ ತೋರಿಸಿದರೆ ಸಾಕು.

2024ರ ಜುಲೈಯಲ್ಲಿ ಜೈಪುರದ ಏರ್‌ಪೋರ್ಟಿನಲ್ಲಿ ಆದದ್ದು ನೆನಪಿದೆಯಾ? ವಿಮಾನ ಕಂಪನಿಯ ಒಬ್ಬ ಮಹಿಳಾ ಉದ್ಯೋಗಿ, ಸಿಐಎಸ್‌ಎಫ್ ಅಧಿಕಾರಿಯೊಬ್ಬನ ಕೆನ್ನೆಗೆ ಹೊಡೆದಳು. ಮಹಿಳಾ ಸಿಬ್ಬಂದಿಯ ತಪಾಸಣೆ ಇಲ್ಲದೆ ಒಳಗೆ ಹೋಗಲು ನೋಡಿದಳು ಅಂತ ಭದ್ರತೆಯವರು. ಕೆಟ್ಟದಾಗಿ ಮಾತಾಡಿದ, ಡ್ಯೂಟಿ ಮುಗಿದ ಮೇಲೆ ಬಂದು ಕಾಣು ಅಂದ ಅಂತ ವಿಮಾನ ಕಂಪನಿಯವರು. ಮೊದಲು ಬಂಧನ ಆದದ್ದು ಅವಳದು. ಯಾರು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ರಾಘು ಅವರ ಅಣ್ಣನ ಎದುರಿದ್ದ ಹುಡುಗಿಗೆ ವಾಕಿಟಾಕಿ ಇತ್ತು. ನನ್ನ ಕೈಯಲ್ಲಿ ಏನಿತ್ತು?

ಪುಣೆ ಹವಾಲ್ದಾರ
ನಂದಿನಿ ತಂಗಿ, ಅಂಥವನನ್ನು ಬಿಡಬಾರದು. ಶಿಫ್ಟ್ ಇನ್‌ಚಾರ್ಜ್ ಅಂತ ಒಬ್ಬರು ಇರುತ್ತಾರೆ. ದಿನ, ಹೊತ್ತು, ಗೇಟ್ ಹೇಳಿದರೆ ಸಾಕು. ಕ್ಯಾಮೆರಾ ನೋಡಿದರೆ ಯಾರು ಅಂತ ಗೊತ್ತಾಗುತ್ತದೆ.

ಫೋರ್ಟ್ ವಕೀಲ
ಸುಮಾರು ಮಾತು ಬಂದಿದೆ, ಕಾನೂನಿನ ಭಾಗ ಸ್ವಲ್ಪ ಬಿಡಿಸುತ್ತೇನೆ.

ಮೊದಲು ಚೇತು ಅವರ ನೋ-ಫ್ಲೈ ಮಾತು. ಅದಕ್ಕಿರುವ 2017ರ ನಿಯಮ ಮುಖ್ಯವಾಗಿ ವಿಮಾನದೊಳಗಿನ ಗಲಾಟೆಗೆ. ಪೈಲಟ್ ದೂರು ಕೊಡಬೇಕು, ಕಂಪನಿಯ ಸಮಿತಿ 30 ದಿನದಲ್ಲಿ ತೀರ್ಮಾನಿಸಬೇಕು. ಬಾಯಿಮಾತಿನ ಕಿರುಕುಳಕ್ಕೆ 3 ತಿಂಗಳ ತನಕ, ಕೈ ಮಾಡಿದರೆ 6 ತಿಂಗಳ ತನಕ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ನಿಷೇಧ. ಸೆಕ್ಯುರಿಟಿ ಚೆಕ್‌ನಲ್ಲಿ ಆದದ್ದು ಪೊಲೀಸರ ಹಾದಿ ಹಿಡಿಯುತ್ತದೆ. ಮುಂಬೈ ಟರ್ಮಿನಲ್ 2 ಆದರೆ ಸಹಾರ್ ಠಾಣೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಇದೆ. ಅದರ 75ನೇ ಕಲಂ ಲೈಂಗಿಕ ಕಿರುಕುಳಕ್ಕೆ. ಬರೀ ಅಶ್ಲೀಲ ಅರ್ಥದ ಮಾತಾದರೆ 1 ವರ್ಷದ ತನಕ ಜೈಲು. ಮೈ ಮುಟ್ಟಿದರೆ ಅಥವಾ ಮಲಗಲು ಕರೆದರೆ 3 ವರ್ಷದ ತನಕ. 79ನೇ ಕಲಂ ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ. ಅದೂ 3 ವರ್ಷದ ತನಕ. ಕಾಫಿಗೆ ಕರೆದದ್ದು ಇದರಲ್ಲಿ ಯಾವುದಕ್ಕೂ ಸುಲಭವಾಗಿ ಬೀಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಆ ನಂಬರ್ ಹೇಗೋ ಹುಡುಕಿ, ಬೇಡ ಅಂದ ಮೇಲೂ ಮತ್ತೆ ಮತ್ತೆ ಮೆಸೇಜು ಹಾಕಿದ್ದರೆ 78ನೇ ಕಲಂ, ಅಂದರೆ ಬೆನ್ನು ಹತ್ತಿ ಕಾಡಿದ ಅಪರಾಧ. ನಂದಿನಿ ಅವರೇ, ಬೇಡ ಅಂದ ಮೇಲೂ ಅವನು ಬಿಡದಿದ್ದರೆ ನಿಮ್ಮ ವಿಷಯಕ್ಕೂ ಅದೇ. ಸ್ಕ್ರೀನ್‌ಶಾಟ್ ಅಳಿಸಬೇಡಿ.

ಯೂನಿಫಾರ್ಮ್ ಹಾಕಿದವರಿಗೆ ಏನೂ ಆಗುವುದಿಲ್ಲ ಅಂದುಕೊಳ್ಳಬೇಡಿ. 2001ರಲ್ಲಿ ವಡೋದರಾದ ಒಂದು ಕಾರ್ಖಾನೆ ಟೌನ್‌ಶಿಪ್‌ನಲ್ಲಿ ರಾತ್ರಿ ಪಾಳಿಯ ಸಿಐಎಸ್‌ಎಫ್ ಕಾನ್ಸ್‌ಟೇಬಲ್ ಒಬ್ಬ, ಮದುವೆ ನಿಶ್ಚಯವಾದ ಜೋಡಿಯನ್ನು ತಡೆದು, ಹುಡುಗಿಯ ಜೊತೆ ಸ್ವಲ್ಪ ಹೊತ್ತು ಕಳೆಯಬೇಕು ಅಂದ ಎಂಬ ಆರೋಪ. ಕೆಲಸದಿಂದ ತೆಗೆದರು. ಹೈಕೋರ್ಟಿನಲ್ಲಿ ಅವನಿಗೆ ಕೆಲಸ ವಾಪಸ್ ಸಿಕ್ಕಿತು, ಆದರೆ 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಜಾ ಆದದ್ದೇ ಸರಿ ಅಂದಿತು.

ಸುಮಾ ಅವರಿಗೆ ಒಂದು ಮಾತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಕಲಂ ಪ್ರಕಾರ, ಕೆಲಸದ ಜಾಗಕ್ಕೆ ಬಂದು ಹೋಗುವ ಹೊರಗಿನವರಿಂದಲೂ ನಿಮ್ಮನ್ನು ಕಾಪಾಡುವುದು ಕಂಪನಿಯ ಜವಾಬ್ದಾರಿ. ಟ್ಯಾಗ್ ಮಾಡಿದ ಪ್ರಯಾಣಿಕನ ಪರವಾಗಿ ನಿಮಗೆ ನೋಟಿಸು ಕೊಡುವ ಮೊದಲು ಅದನ್ನು ಓದಿ ಅಂತ ಹೇಳಿ.

ಕುರ್ಲಾ ಸುಮಾ
ಓದುತ್ತಾರೆ ಸರ್, ಟ್ರೈನಿಂಗ್ ದಿನ ಸ್ಲೈಡಿನಲ್ಲಿ.

ಚಿಂಚವಡ ಚೇತು
ನೋಡಿ, ವಕೀಲರೇ ಹೇಳಿದರು, ಕಾಫಿಗೆ ಕರೆದದ್ದು ಅಪರಾಧ ಅಲ್ಲ ಅಂತ. ಹಾಗಾದರೆ ವಿಮಾನ ತಪ್ಪಿಸಿದ್ದು ಯಾಕೆ? ಶಿಕ್ಷೆ ಕೊಡಬೇಕಾದದ್ದು ಕೋರ್ಟು. ಕೋಣೆಯಲ್ಲಿ ಕೂರಿಸಿ ಗೇಟ್ ಮುಚ್ಚುವ ತನಕ ಕಾಯಿಸಿದರೆ ಅದೂ ಶಿಕ್ಷೆಯೇ ಅಲ್ವಾ?

ಪುಣೆ ಹವಾಲ್ದಾರ
ಇದರಲ್ಲಿ ನಿಮ್ಮ ಮಾತು ಸ್ವಲ್ಪ ಸರಿ. ನಾನಿದ್ದರೆ ಮೊದಲನೇ ಮಾತಿಗೆ ಮುಖ ಗಂಟು ಹಾಕಿ "ಚಲೋ ಆಗೆ" ಅನ್ನುತ್ತಿದ್ದೆ. ನಂಬರ್ ಕೇಳಿದ ಮೇಲೆ ಪಕ್ಕಕ್ಕೆ ಕರೆದು ಗದರಿಸಿ, ಹೆಸರು ಬರೆದುಕೊಂಡು ಬಿಡುತ್ತಿದ್ದೆ. ಆದರೆ ದೂರು ಹುಡುಗಿಯದು. ಅವಳು ಲಿಖಿತವಾಗಿ ಕೊಡುತ್ತೇನೆ ಅಂದರೆ ಇನ್‌ಚಾರ್ಜ್ ಬೇಡ ಅನ್ನಬಾರದು. ಹಾಗೆ ಅಂದರೆ ನಾಳೆ ಆ ಹುಡುಗಿ ಯಾರನ್ನೂ ಕರೆಯುವುದಿಲ್ಲ. ನಮ್ಮ ಪಡೆಯ ಹೆಣ್ಣುಮಕ್ಕಳು ಎಲ್ಲೆಲ್ಲಿಂದಲೋ ಬಂದು ಬ್ಯಾರಕ್ಕಿನಲ್ಲಿ ಇರುವವರು. ಮನೆಯವರು ಜೊತೆಗಿಲ್ಲ. ಬೆನ್ನಿಗೆ ಇನ್‌ಚಾರ್ಜ್ ನಿಲ್ಲದಿದ್ದರೆ ಬೇರೆ ಯಾರು ನಿಲ್ಲಬೇಕು? ಇನ್ನು ಗೇಟ್ ಸಾಮಾನ್ಯವಾಗಿ 25 ನಿಮಿಷ ಮೊದಲೇ ಮುಚ್ಚುತ್ತದೆ. ಹೇಳಿಕೆ ಬರೆಯಲು ಅಷ್ಟು ಹೊತ್ತು ಸಾಲುವುದಿಲ್ಲ.

ಕುರ್ಲಾ ಸುಮಾ
ಗದರಿಸಿ ಬಿಡುತ್ತಿದ್ದೆ ಅನ್ನುತ್ತೀರಿ. ಗದರಿಸಿ ಬಿಟ್ಟವರೇ ಮುಂದಿನ ವಾರ ನನ್ನ ಕೌಂಟರಿಗೆ ಬರುವುದು, ಹವಾಲ್ದಾರ್ ಕಾಕಾ.

ಡೊಂಬಿವಲಿ ರಾಘು
ಸುಮಾ ಅವರೇ, ನಿಮ್ಮ ಕೋಪ ಅರ್ಥವಾಗುತ್ತದೆ. ಆದರೆ ನನಗೆ ಈಗಲೂ ಇದು ಜಾಸ್ತಿ ಅನ್ನಿಸುತ್ತದೆ. ಟಿಕೆಟ್ ದುಡ್ಡೂ ಹೋಯಿತು. ವಕೀಲರೇ, ಒಂದೇ ಪ್ರಶ್ನೆ. ಅವನು ದುಬೈಯಲ್ಲಿ ಕೆಲಸಕ್ಕೆ ಪ್ರಯತ್ನಿಸುತ್ತಿದ್ದಾನೆ. ಈ ಕ್ಷಮಾಪಣೆ ಪತ್ರದಿಂದ ಪಾಸ್‌ಪೋರ್ಟಿಗೆ ತೊಂದರೆ ಆಗುತ್ತಾ?

ಫೋರ್ಟ್ ವಕೀಲ
ಬರೀ ಪತ್ರದಿಂದ ಆಗುವುದಿಲ್ಲ. ಠಾಣೆಗೆ ಹೋಗಿ ಏನು ದಾಖಲಾಗಿದೆ ಅಂತ ಕೇಳಲಿ. ಸ್ಟೇಷನ್ ಡೈರಿಯಲ್ಲಿ ಬರೆದಿದ್ದಾರೋ, ಎನ್‌ಸಿ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ಸಣ್ಣ ದೂರು) ಮಾಡಿದ್ದಾರೋ, ಎಫ್‌ಐಆರ್ ಆಗಿದೆಯೋ. 75 ಅಥವಾ 79 ಹಾಕಿದ್ದರೆ ಅದು ಎಫ್‌ಐಆರ್ ಆಗಬೇಕು, ಎನ್‌ಸಿ ಅಲ್ಲ. ಎರಡೂ ಜಾಮೀನು ಸಿಗುವ ಕಲಂಗಳು. ಕೋರ್ಟಿನಲ್ಲಿ ಪ್ರಕರಣ ಬಾಕಿ ಇದ್ದರೆ ಮಾತ್ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಂ ಅಡ್ಡ ಬರುತ್ತದೆ. ಆಗಲೂ ಕೋರ್ಟಿನ ಅನುಮತಿ ತಂದರೆ ಕಡಿಮೆ ಅವಧಿಯ ಪಾಸ್‌ಪೋರ್ಟ್ ಸಿಗುತ್ತದೆ. ದುಬೈಗೆ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಆಗ ಈ ದಾಖಲೆ ಎದ್ದು ಬರಬಹುದು, ಹಾಗಾಗಿ ಈಗಲೇ ನೋಡಿಕೊಳ್ಳುವುದು ಒಳ್ಳೆಯದು. ಟಿಕೆಟ್ ಮೂಲ ದರ ವಾಪಸ್ ಬರುವುದಿಲ್ಲ, ಆದರೆ ಏರ್‌ಪೋರ್ಟ್ ಶುಲ್ಕ, ತೆರಿಗೆ ಕೇಳಿ ಪಡೆಯಬಹುದು.

ಮಾಟುಂಗಾ ಮಾವ
ರಾಘು, ಆ ಶುಲ್ಕ ವಾಪಸ್ ಕೇಳಲು ಕಸ್ಟಮರ್ ಕೇರಿಗೆ ನೀನೇ ಫೋನ್ ಮಾಡು. ಅವನ ಕೈಗೆ ಕೊಡಬೇಡ, ಆ ಕಡೆ ಹುಡುಗಿ ಎತ್ತಿದರೆ ಕಷ್ಟ.