ಕಾಪಿ ನಡುವೆ ಕೇಬಲ್ ಕಳಚಿತು, ಈಗ ಡ್ರೈವ್ ಫಾರ್ಮ್ಯಾಟ್ ಕೇಳ್ತಿದೆ

ಪ್ರಶ್ನೆ: 1 ಟಿಬಿ ಯುಎಸ್‌ಬಿ ಹಾರ್ಡ್‌ಡಿಸ್ಕ್. ವಿಂಡೋಸ್‌ನಲ್ಲಿ ಡ್ರೈವ್ ಕಾಣುತ್ತೆ, ತೆರೆದರೆ ಫಾರ್ಮ್ಯಾಟ್ ಮಾಡಿ ಅನ್ನುತ್ತೆ. ಫೋಟೊಗಳಿಗೆ ಬೇರೆ ಪ್ರತಿ ಇಲ್ಲ. ವಿಂಡೋಸ್‌ನ ಡಿಸ್ಕ್ ತಪಾಸಣೆ ಸಾಧನ ಚೆಕ್‌ಡಿಸ್ಕ್ ಓಡಿಸಲಾ?

ಉತ್ತರ 1: ಈಗಲೇ ಬೇಡ, ಫಾರ್ಮ್ಯಾಟಂತೂ ಬೇಡವೇ ಬೇಡ. ಡ್ರೈವ್ ‘ರಾ’ (ಫೈಲ್ ಸಿಸ್ಟಮ್ ಗುರುತಿಸಲಾಗಲಿಲ್ಲ) ಅಂತ ತೋರಿಸ್ತಿದ್ದರೆ ಚೆಕ್‌ಡಿಸ್ಕ್ ಓಡುವುದೂ ಇಲ್ಲ. ಓಡಿದರೂ ಅದರ ಕೆಲಸ ಫೈಲ್ ಸಿಸ್ಟಮ್‌ನ, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನೋ ವ್ಯವಸ್ಥೆಯ, ಲೆಕ್ಕ ಸರಿಪಡಿಸೋದು, ನಿಮ್ಮ ಫೋಟೊ ಉಳಿಸೋದಲ್ಲ. ತಾಳೆಯಾಗದ ನಮೂದುಗಳನ್ನು ಅಳಿಸಿಬಿಡುತ್ತೆ.

ಮೊದಲು ಹಬ್ ತೆಗೆದು ನೇರ ಪೋರ್ಟಿಗೆ ಹಾಕಿ, ಕೇಬಲ್ ಬದಲಿಸಿ. ಯುಎಸ್‌ಬಿ 2.0 ಪೋರ್ಟ್ ಕೊಡೋದು 500 ಮಿಲಿಆಂಪ್, 3.0 ಆದರೆ 900. ಎರಡೂವರೆ ಇಂಚಿನ ಡಿಸ್ಕ್ ತಿರುಗಲು ಶುರುವಾಗುವಾಗ 500 ಸಾಲದೇ ಹೋಗಬಹುದು. ಸರಿಯಾದ ಪವರ್ ಇದ್ದೂ ಟಕ್ ಟಕ್ ಸದ್ದು ಬಂದರೆ ಕೂಡಲೇ ಕಳಚಿ, ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಉತ್ತರ 2: ಸದ್ದಿಲ್ಲದಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ಸಾಲುಗಳ ಸಂಖ್ಯೆಯನ್ನು ಅದು ಹೆಕ್ಸ್‌ನಲ್ಲಿ (ಅಂಕಿಯ ಜೊತೆ ಅಕ್ಷರವೂ ಬರುವ ಎಣಿಕೆ) ತೋರಿಸುತ್ತೆ: ಕೆಟ್ಟ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಚಿಕ್ಕ ತುಣುಕುಗಳ, ಲೆಕ್ಕ ಇರುವುದು 05, ಸಿ5, ಸಿ6ರಲ್ಲಿ. ಸಿ5ರ ‘ರಾ ಮೌಲ್ಯ’ (ನೇರ ಎಣಿಕೆ) ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳು ಈಗಾಗಲೇ ಇವೆ. ಸಿ7 ಮಾತ್ರ ಏರಿದ್ದರೆ ಹೆಚ್ಚಾಗಿ ಪೆಟ್ಟಿಗೆಯೊಳಗೆ ಡಿಸ್ಕಿಗೂ ಅದನ್ನು ಯುಎಸ್‌ಬಿಗೆ ಜೋಡಿಸುವ ಬ್ರಿಜ್ ಬೋರ್ಡಿಗೂ ನಡುವಿನ ಸಂಪರ್ಕದ ದೋಷ. ಹೊರಗಿನ ಕೇಬಲ್ ಬದಲಿಸಿದರೆ ಹೋಗಲ್ಲ. ಕೆಲವು ಪೆಟ್ಟಿಗೆಗಳು ಸ್ಮಾರ್ಟ್ ಮಾಹಿತಿಯನ್ನು ಹೊರಗೆ ಬಿಡುವುದೇ ಇಲ್ಲ.

ಉತ್ತರ 3: ಸ್ಮಾರ್ಟ್ ಚೆನ್ನಾಗಿದ್ದರೂ ಇಮೇಜ್ (ಇಡೀ ಡಿಸ್ಕಿನ ಯಥಾಪ್ರತಿ ಇರುವ ಒಂದು ಫೈಲ್) ತೆಗೆದೇ ಮುಂದುವರಿಯಿರಿ. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಬಳಸಿ. ಇಮೇಜ್ ಇಡುವ ಡಿಸ್ಕಿನಲ್ಲಿ 1 ಟಿಬಿಗಿಂತ ಹೆಚ್ಚು ಖಾಲಿ ಜಾಗ ಇರಲಿ. ಅದರ ಫೈಲ್ ಸಿಸ್ಟಮ್ ಫ್ಯಾಟ್32 ಆಗದು, ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಮೊದಲ ಸುತ್ತು ‘-ಎನ್’ ಕೊಟ್ಟು ಸಲೀಸಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳಿ, ಎರಡನೆಯದರಲ್ಲಿ ‘-ಆರ್3’ ಕೊಟ್ಟು ಉಳಿದ ಕೆಟ್ಟ ಜಾಗಗಳನ್ನು ಮೂರು ಸಲ ಮತ್ತೆ ಓದಿಸಿ. ಆದೇಶದಲ್ಲಿ ಮ್ಯಾಪ್ ಫೈಲ್ (ಎಷ್ಟು ಓದಿ ಆಯಿತು ಅನ್ನೋ ದಾಖಲೆ) ಹೆಸರು ಬಿಡಬೇಡಿ: ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯಲು ಅದೇ ಆಧಾರ. ಮೂಲ ಯಾವುದು, ಗುರಿ ಯಾವುದು ಅಂತ ಎರಡೆರಡು ಸಲ ನೋಡಿ. ಅದಲುಬದಲಾದರೆ ಫೋಟೊ ಇರುವ ಡಿಸ್ಕೇ ಅಳಿಸಿಹೋಗುತ್ತೆ.

ಆಮೇಲೆ ಇಮೇಜ್ ಮೇಲೆ ಪಾರ್ಟಿಷನ್ ಸರಿಪಡಿಸುವ ಟೆಸ್ಟ್‌ಡಿಸ್ಕ್ ಓಡಿಸಿ. ವಿಂಡೋಸ್‌ನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ (ಫೈಲ್ ಸಿಸ್ಟಮ್‌ನ ವಿವರ ಇರುವ ಮೊದಲ ಸೆಕ್ಟರ್) ಪ್ರತಿಯನ್ನು ಪಾರ್ಟಿಷನ್‌ನ ಕೊನೆಯ ಸೆಕ್ಟರಿನಲ್ಲಿ ಇಟ್ಟಿರುತ್ತೆ. ಮೊದಲನೆಯದಷ್ಟೇ ಕೆಟ್ಟಿದ್ದರೆ ಆ ಪ್ರತಿಯಿಂದ ಫೋಲ್ಡರ್, ಹೆಸರು ಸಮೇತ ಎಲ್ಲ ವಾಪಸ್ ಬರಬಹುದು. ಅದೂ ಆಗದಿದ್ದರೆ ಮಾತ್ರ ಫೈಲ್‌ಗಳನ್ನು ಅವುಗಳ ಸ್ವರೂಪದಿಂದಲೇ ಹುಡುಕುವ ಫೋಟೊರೆಕ್. ಫೋಟೊ ಸಿಗುತ್ತೆ, ಫೈಲ್ ಹೆಸರು ಸಿಗಲ್ಲ.

ಉತ್ತರ 4: ಚೆಕ್‌ಡಿಸ್ಕ್ ಸರದಿ ಫೋಟೊಗಳು ಕೈಗೆ ಬಂದ ಮೇಲೆ. ದೋಷ ಸರಿಪಡಿಸುವ ‘/ಎಫ್’ ಸಾಕು; ‘/ಆರ್’ ಇಡೀ ಡಿಸ್ಕನ್ನು ಓದುವುದರಿಂದ ಗಂಟೆಗಟ್ಟಲೆ ಹಿಡಿಯುತ್ತೆ. ಸಿ5 ಏರುತ್ತಲೇ ಇದ್ದರೆ ರಿಪೇರಿ ಯೋಚನೆ ಬಿಡಿ, ಡಿಸ್ಕ್ ಬದಲಿಸಿ. ಸ್ಮಾರ್ಟ್ ಚೆನ್ನಾಗಿದ್ದರೆ ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಮಾಡಿ ಬಳಸಿ. ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಮ್‌ಗೆ ಜರ್ನಲ್ (ನಡೆಯುತ್ತಿರುವ ಬದಲಾವಣೆಗಳ ದಾಖಲೆ) ಇಲ್ಲ, ಕೇಬಲ್ ಕಿತ್ತರೆ ಅದಕ್ಕೇ ಏಟು ಜಾಸ್ತಿ. ವಿಂಡೋಸ್‌ಗೆ ಮಾತ್ರ ಅಂದರೆ ಎನ್‌ಟಿಎಫ್‌ಎಸ್ ಇಡಿ.